‘ಜೀವನಸ್ಮೃತಿ’ಯ ಗುರುವೂ ಶಿಷ್ಯನೂ

ದೊಡ್ಡವರು ಬರೆದ ಆತ್ಮಕಥೆಗಳಲ್ಲಿ ಪಾಠಶಾಲೆಯ ಪ್ರಕರಣವೆಂಬುದು ಸಾಮಾನ್ಯವಾಗಿ ಎರಡು ಬಗೆಯದಾಗಿರುತ್ತದೆ. ಒಂದರಲ್ಲಿ ಗುರುಗಳ ಸ್ತುತಿ. ಮತ್ತೊಂದರಲ್ಲಿ, ಗುರುಗಳ ಕಣ್ಣಿಗೆ ಬೀಳದೆ ಹೋದ ತಮ್ಮ ಪ್ರತಿಭೆಯ ಸ್ತುತಿ. ರವೀಂದ್ರನಾಥ ಠಾಕೂರರ ‘ಜೀವನಸ್ಮೃತಿ’ ಈ ಎರಡು ಬಗೆಗೂ ಸೇರತಕ್ಕುದಲ್ಲ. ‘ಪ್ರವಾಸಿ’ ಮಾಸಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದು 1912ರಲ್ಲಿ ಪುಸ್ತಕವಾದ ಈ ಗ್ರಂಥವನ್ನು ಬರೆಯುವ ಕಾಲಕ್ಕೆ ಕವಿಗೆ ಐವತ್ತು ವರ್ಷ ವಯಸ್ಸು. ಬೋಲಪುರದ ಬಯಲಿನಲ್ಲಿ ಅವರು ತೆರೆದ ಪಾಠಶಾಲೆಗೆ ಹತ್ತು ವರ್ಷ. ಹತ್ತು ವರ್ಷ ಮಕ್ಕಳ ನಡುವೆ ಉಪಾಧ್ಯಾಯನಾಗಿ ಕುಳಿತವನೊಬ್ಬನು, ತಾನು ಬೆಂಚಿನ ಮೇಲೆ ವಿದ್ಯಾರ್ಥಿಯಾಗಿ ಕುಳಿತಿದ್ದ ಕಾಲವನ್ನು ನೆನೆದು ಬರೆದ ಪುಸ್ತಕವಿದು. ಕವಿಯ ಕಾವ್ಯಕ್ಕೆ ಮೂಲವೆಲ್ಲಿ ಎಂದು ಹುಡುಕುತ್ತ ಇದನ್ನು ಓದಿದವರು ಅನೇಕರು. ಒಬ್ಬ ಉಪಾಧ್ಯಾಯನ ಆತ್ಮವಿಚಾರವೆಂದು ಓದಿದವರು ಕಡಮೆ. ಹಾಗೆ ಓದಿದಲ್ಲಿ ಮಾತ್ರವೇ ಇದರ ಕೆಲವು ಪುಟಗಳ ತೂಕ ತಿಳಿಯುತ್ತದೆ.

ಗ್ರಂಥದ ಮೊದಲಲ್ಲಿಯೇ ಕವಿ ತಮ್ಮ ಉದ್ದೇಶವನ್ನು ಸ್ಪಷ್ಟಪಡಿಸಿದ್ದಾರೆ. ಸ್ಮೃತಿಯೆಂಬುದು ಇತಿಹಾಸವಲ್ಲ, ಒಳಗೆ ಕುಳಿತ ಯಾವನೋ ಚಿತ್ರಗಾರನು ತನಗೆ ತೋರಿದಂತೆ ಬಿಡಿಸಿಟ್ಟ ಚಿತ್ರಗಳು, ದೊಡ್ಡದನ್ನು ಚಿಕ್ಕದು ಮಾಡುವುದಕ್ಕೂ ಚಿಕ್ಕದನ್ನು ದೊಡ್ಡದು ಮಾಡುವುದಕ್ಕೂ ಆತನಿಗೆ ಸಂಕೋಚವಿಲ್ಲ. ಈ ಮಾತನ್ನು ಕವಿಸಹಜವಾದ ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ. ಅದೇಕೆಂದರೆ, ಕಲಿತ ಪಾಠಗಳೊಂದೂ ಉಳಿಯದೆ, ಕಲಿಸಿದವರ ಮುಖ, ಧ್ವನಿ, ಕೈ ಮಾತ್ರವೇ ಈ ಗ್ರಂಥದಲ್ಲಿ ಉಳಿದಿವೆ. ಮಗುವಿನ ಮನಸ್ಸು ಯಾವುದನ್ನು ಹಿಡಿದಿಟ್ಟುಕೊಳ್ಳುತ್ತದೆ, ಯಾವುದನ್ನು ಜಾರಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಮೊದಲನೆಯ ಚಿತ್ರವೇ ನಗೆಯೂ ನೋವೂ ಬೆರೆತದ್ದು. ಅಣ್ಣನೂ ಸೋದರಳಿಯನೂ ಗಾಡಿಯೇರಿ ಶಾಲೆಗೆ ಹೋಗುವುದನ್ನು ಕಂಡು ತಾನೂ ಹೋಗಬೇಕೆಂದು ಬಾಲಕನು ಅಳುತ್ತಾನೆ. ಮನೆಯಲ್ಲಿ ಪಾಠ ಹೇಳುತ್ತಿದ್ದ ಗುರುಗಳು ಒಂದು ಏಟು ಬಿಗಿದು, ಈಗ ಶಾಲೆಗೆ ಹೋಗಬೇಕೆಂದು ಅಳುವವನು ಮುಂದೆ ಶಾಲೆ ಬೇಡವೆಂದು ಇದಕ್ಕಿಂತ ಹೆಚ್ಚು ಅಳುವೆ ಎಂದು ಹೇಳಿಬಿಡುತ್ತಾರೆ. ಇಷ್ಟು ನಿಜವಾದ ಭವಿಷ್ಯವಾಣಿಯನ್ನು ತಮ್ಮ ಜೀವಮಾನದಲ್ಲಿ ಇನ್ನೊಂದನ್ನು ಕೇಳಲಿಲ್ಲವೆಂದು ಕವಿ ಬರೆಯುತ್ತಾರೆ. ಆ ಗುರುಗಳ ಹೆಸರಾಗಲಿ ಸ್ವಭಾವವಾಗಲಿ ಅವರಿಗೆ ನೆನಪಿಲ್ಲ, ಏಟು ನೆನಪಿದೆ.

ಅಳು ಸಾರ್ಥಕವಾಗಿ ಬಾಲಕನು ಓರಿಯೆಂಟಲ್ ಸೆಮಿನರಿಯನ್ನು ಸೇರಿದನು. ಅಲ್ಲಿ ಏನು ಕಲಿತನೆಂಬುದು ಮರೆತುಹೋಗಿದೆ. ಪಾಠ ಒಪ್ಪಿಸದವನನ್ನು ಬೆಂಚಿನ ಮೇಲೆ ನಿಲ್ಲಿಸಿ, ತೋಳುಗಳನ್ನು ನೀಡಿಸಿ, ಅಂಗೈಗಳ ಮೇಲೆ ಸ್ಲೇಟುಗಳನ್ನು ಒಂದರ ಮೇಲೊಂದಾಗಿ ಹೇರುತ್ತಿದ್ದ ಶಿಕ್ಷೆ ಮಾತ್ರ ಮರೆತಿಲ್ಲ. ಕೂಲಿಮಠದ ಐಗಳ ಕೋದಂಡವನ್ನು ಹಿರಿಯರ ಬಾಯಿಂದ ಕೇಳಿ ಬಲ್ಲ ಕನ್ನಡ ವಾಚಕರಿಗೆ ಇದರಲ್ಲಿ ಹೊಸತೇನೂ ಕಾಣದು. ಹೊಸತಿರುವುದು ಮುಂದಿನ ಪ್ರಕರಣದಲ್ಲಿ. ಶಾಲೆಯಿಂದ ಮನೆಗೆ ಬಂದ ಈ ಬಾಲಕನು ತಾನೇ ಒಂದು ಶಾಲೆಯನ್ನು ತೆರೆಯುತ್ತಾನೆ. ಮನೆಯ ಮೊಗಸಾಲೆಯ ಮೂಲೆ ಪಾಠಶಾಲೆ. ಕಟಕಟೆಯ ಮರದ ಕಂಬಿಗಳೇ ವಿದ್ಯಾರ್ಥಿಗಳು. ಎದುರಿಗೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಬೆತ್ತ ಹಿಡಿದು ಕುಳಿತ ಬಾಲಕನಿಗೆ ಯಾವ ಕಂಬಿ ಸಾಧು, ಯಾವ ಕಂಬಿ ತುಂಟ ಎಂಬುದು ಚೆನ್ನಾಗಿ ಗೊತ್ತು. ತುಂಟ ಕಂಬಿಗಳಿಗೆ ಏಟಿನ ಮೇಲೆ ಏಟು. ಏಟು ತಿಂದು ಕಂಬಿಯ ಮೈ ಗಾಯವಾದಷ್ಟೂ ಗುರುವಿನ ಕೋಪ ಏರುತ್ತದೆ. ಎಷ್ಟು ಹೊಡೆದರೆ ಸಾಕೆಂಬುದು ಆತನಿಗೆ ತಿಳಿಯುವುದಿಲ್ಲ.

ಗ್ರಂಥದಲ್ಲಿ ವಿದ್ಯಾಭ್ಯಾಸದ ವಿಷಯವಾಗಿ ಬರುವ ಎಲ್ಲ ಪ್ರಕರಣಗಳಲ್ಲಿಯೂ ಇದೇ ಶ್ರೇಷ್ಠವಾದದ್ದೆಂದು ಹೇಳಬಹುದು. ಉಪಾಧ್ಯಾಯರು ಕಲಿಸಬೇಕೆಂದುಕೊಂಡದ್ದನ್ನು ಬಾಲಕನು ಕಲಿಯಲಿಲ್ಲ. ಕಲಿಸುತ್ತಿದ್ದೇವೆಂದು ಅವರು ಅರಿಯದಿದ್ದುದನ್ನು ಒಂದು ಅಕ್ಷರವೂ ಬಿಡದಂತೆ ಕಲಿತನು. ಅವರ ಅಸಹನೆ, ಅವರ ಪಕ್ಷಪಾತ, ಅವರ ಅನ್ಯಾಯ ಇವುಗಳನ್ನು ಯಾವ ಪ್ರಯಾಸವೂ ಇಲ್ಲದೆ ಕರಗತ ಮಾಡಿಕೊಂಡೆನೆಂದೂ, ತನ್ನ ಕ್ರೌರ್ಯವನ್ನು ತೋರಿಸುವುದಕ್ಕೆ ಅಂದು ಜೀವವುಳ್ಳ ಯಾವುದೂ ಕೈಗೆ ಸಿಕ್ಕದೆ ಮರದ ಕಂಬಿಗಳು ಮಾತ್ರ ಸಿಕ್ಕವೆಂಬುದೊಂದೇ ಸಮಾಧಾನವೆಂದೂ ಕವಿ ಹೇಳಿಕೊಳ್ಳುತ್ತಾರೆ. ಈ ಮಾತಿನಲ್ಲಿ ಹಾಸ್ಯವುಂಟು. ಆದರೆ ಬರೆಯುವವನು ಈಗ ನಿಜವಾದ ಶಾಲೆಯ ಗುರು, ಅವನೆದುರಿಗೆ ಕುಳಿತಿರುವುದು ಮರದ ಕಂಬಿಗಳಲ್ಲ ಎಂಬುದನ್ನು ನೆನೆದರೆ ಹಾಸ್ಯದ ಕೆಳಗೆ ಭಯವೂ ಕಾಣುತ್ತದೆ. ಬೆತ್ತವನ್ನು ತಿಂದವನೇ ಬೆತ್ತವನ್ನು ಹಿಡಿಯುವವನೂ ಆಗುತ್ತಾನೆ. ತನಗಾದ ಅನ್ಯಾಯವನ್ನು ಕುರಿತು ಮಾತ್ರ ಬರೆಯದೆ ತನ್ನೊಳಗೆ ಬೇರೂರಿದ ಅನ್ಯಾಯವನ್ನು ಕುರಿತೂ ಬರೆದದ್ದೇ ರವೀಂದ್ರರ ಹೆಚ್ಚಳ.

ಮುಂದೆ ನಾರ್ಮಲ್ ಸ್ಕೂಲು. ಅಲ್ಲಿ ದಿನದ ಪಾಠಕ್ಕೆ ಮೊದಲು ಹುಡುಗರೆಲ್ಲರೂ ಸಾಲಾಗಿ ಕುಳಿತು ಒಂದು ಇಂಗ್ಲಿಷ್ ಪದ್ಯವನ್ನು ರಾಗವಾಗಿ ಹಾಡಬೇಕು. ಅರ್ಥ ಯಾರಿಗೂ ತಿಳಿಯದು. ಬಾಯಿಂದ ಬಾಯಿಗೆ ಹಾಯ್ದು ಆ ಪದಗಳು ಯಾವ ಭಾಷೆಗೂ ಸೇರದ ರೂಪವನ್ನು ತಳೆದಿದ್ದವು. ಮೂಲವೇನಿದ್ದೀತೆಂದು ಕವಿ ಐವತ್ತನೆಯ ವಯಸ್ಸಿನಲ್ಲಿಯೂ ತಲೆ ಕೆರೆದುಕೊಂಡಿದ್ದಾರೆ. ಅದೇ ಶಾಲೆಯಲ್ಲಿ ಒಬ್ಬ ಉಪಾಧ್ಯಾಯರ ನಾಲಗೆ ಎಷ್ಟು ಹೊಲಸಾಗಿತ್ತೆಂದರೆ, ಅವರು ಕೇಳಿದ ಯಾವ ಪ್ರಶ್ನೆಗೂ ಉತ್ತರ ಕೊಡಕೂಡದೆಂದು ಬಾಲಕನು ನಿಶ್ಚಯಿಸಿಕೊಂಡನು. ವರ್ಷವಿಡೀ ಕೊನೆಯ ಸ್ಥಾನದಲ್ಲಿ ಮೌನವಾಗಿ ಕುಳಿತನು. ವರ್ಷಾಂತ್ಯದಲ್ಲಿ ಮಧುಸೂದನ ವಾಚಸ್ಪತಿಗಳು ಬಂಗಾಳಿ ಭಾಷೆಯ ಪರೀಕ್ಷೆ ಮಾಡಿದಾಗ ಎಲ್ಲರಿಗಿಂತ ಹೆಚ್ಚು ಗುಣಗಳು ಬಂದದ್ದು ಈ ಮೂಕನಿಗೆ. ಪರೀಕ್ಷಕರು ಪಕ್ಷಪಾತ ಮಾಡಿದರೆಂದು ಉಪಾಧ್ಯಾಯರು ದೂರಿತ್ತರು. ಮೇಲಧಿಕಾರಿಗಳೇ ಪಕ್ಕದಲ್ಲಿ ಕುಳಿತು ಎರಡನೆಯ ಸಲ ಪರೀಕ್ಷೆ ನಡೆಸಿದರು. ಎರಡನೆಯ ಸಲವೂ ಅವನೇ ಮೊದಲಿಗನು.

ಇದನ್ನು ಕವಿ ಜಯಭೇರಿಯಂತೆ ಹೇಳಿಲ್ಲ. ಹೇಳಿದ್ದರೆ ಪ್ರಕರಣ ಕೆಡುತ್ತಿತ್ತು. ಶಿಷ್ಯನೊಬ್ಬನು ಒಂದು ವರ್ಷ ಬಾಯಿ ತೆರೆಯದೆ ಕುಳಿತಿದ್ದರೂ ಏಕೆಂದು ಕೇಳುವ ಕುತೂಹಲವೇ ಹುಟ್ಟದ ಉಪಾಧ್ಯಾಯನ ಮುಂದೆ, ಹುಡುಗನ ಜಯಕ್ಕಿಂತ ಗುರುವಿನ ಕುರುಡುತನವೇ ಓದುಗನ ಮನಸ್ಸನ್ನು ಹಿಡಿಯುತ್ತದೆ. ಆದರೆ ಒಂದು ಮಾತು. ಶಾಲೆಯಲ್ಲಿ ಒದಗದ ಭಾಷೆ ಅವನಿಗೆ ಮನೆಯಲ್ಲಿ ಒದಗಿತ್ತು. ಜೋಡಾಸಾಂಕೋ ಮನೆತನದ ಪುಸ್ತಕಗಳು, ಹಾಡು, ಅಣ್ಣಂದಿರ ಮಾತುಕತೆ ಇವುಗಳ ನಡುವೆ ಬೆಳೆದವನು ಶಾಲೆಯನ್ನು ಧಿಕ್ಕರಿಸಿಯೂ ಬದುಕಬಹುದು. ಆ ಬೆಂಚಿನ ಮೇಲೆ ಕುಳಿತ ಇತರ ಹುಡುಗರಿಗೆ ಶಾಲೆ ಕೈಬಿಟ್ಟರೆ ಹಿಡಿಯುವ ಕೈ ಬೇರೆ ಇರಲಿಲ್ಲ. ಅವರ ಸುದ್ದಿಯನ್ನು ಗ್ರಂಥ ಹೇಳುವುದಿಲ್ಲ. ಈ ಕೊರತೆಯ ನೆರಳು ಕವಿಯ ಪಾಠಶಾಲೆಯ ಮೇಲೂ ಬೀಳುವುದನ್ನು ಮುಂದೆ ನೋಡಬಹುದು.

ಮನೆಯ ಗುರುಗಳಲ್ಲಿ ಅಘೋರಬಾಬುಗಳನ್ನು ಓದಿದವರು ಮರೆಯಲಾರರು. ಹಗಲು ವೈದ್ಯವಿದ್ಯೆಯನ್ನು ಕಲಿತು ಸಂಜೆ ಇಂಗ್ಲಿಷ್ ಹೇಳಿಕೊಡಲು ಬರುತ್ತಿದ್ದ ಈ ಮಹಾನುಭಾವನ ಆರೋಗ್ಯವು ಶಿಷ್ಯರ ಪಾಲಿಗೆ ದೊಡ್ಡ ವಿಪತ್ತಾಗಿತ್ತು. ಆತನು ತಪ್ಪಿಸಿಕೊಂಡದ್ದು ಬಹಳ ಅಪರೂಪ. ಮಳೆ ಧೋ ಎಂದು ಸುರಿದು ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತ ಸಂಜೆ, ಇಂದಂತೂ ಬರಲಾರರೆಂದು ಹುಡುಗರು ಆಸೆಯಿಂದ ಕಾದಿರಲು, ಓಣಿಯ ತಿರುವಿನಲ್ಲಿ ಆ ಪರಿಚಿತವಾದ ಕೊಡೆ ಕಾಣಿಸಿಕೊಳ್ಳುತ್ತದೆ. (ಅಂಥ ಕೊಡೆಯನ್ನು ಕಂಡು ಎದೆ ಕುಸಿಯದ ಬಾಲ್ಯ ಯಾವ ಊರಿನಲ್ಲಿದ್ದೀತು?) ಕವಿ ಈತನನ್ನು ದ್ವೇಷಿಸುವುದಿಲ್ಲ. ಪಾಠದ ಬೇಸರವನ್ನು ಕಳೆಯಲೆಂದು ಆತನು ಒಂದು ದಿನ ಮನುಷ್ಯನ ಗಂಟಲ ಕೊಳವೆಯನ್ನು ಕಾಗದದಲ್ಲಿ ಸುತ್ತಿ ತಂದು ತೋರಿಸಿದ್ದನ್ನು ನೆನೆಯುತ್ತಾರೆ. ಗುರುವಿನ ಉತ್ಸಾಹ ನಿಜವಾದದ್ದು. ಶಿಷ್ಯನ ನಿರುತ್ಸಾಹವೂ ನಿಜವಾದದ್ದು. ಮಾತನಾಡುವವನು ಇಡೀ ಮನುಷ್ಯನೆಂದು ತಿಳಿದಿದ್ದ ಬಾಲಕನಿಗೆ ಮಾತು ಹೀಗೆ ಕತ್ತರಿಸಿದ ತುಂಡಾಗಿ ಕಂಡದ್ದು ಸೇರಲಿಲ್ಲ. ಒಳ್ಳೆಯ ಮನಸ್ಸು, ದುಡಿಮೆ, ನಿಯಮ ಈ ಮೂರೂ ಇದ್ದು ಕಲಿಸುವಿಕೆ ಸೋಲಬಹುದೆಂಬುದನ್ನು ಇಷ್ಟು ಮೃದುವಾಗಿ ತೋರಿಸಿದ ಬರಹ ಅಪೂರ್ವ.

ಇವರೆಲ್ಲರಿಗೂ ಎದುರಾಗಿ ಗ್ರಂಥದಲ್ಲಿ ಇಬ್ಬರು ನಿಲ್ಲುತ್ತಾರೆ. ಮೊದಲನೆಯವರು ತಂದೆ ದೇವೇಂದ್ರನಾಥರು. 1873ರಲ್ಲಿ ಉಪನಯನವಾಗಿ ತಲೆ ಬೋಳಿಸಿಕೊಂಡ ಹುಡುಗನು ಹೇಗೆ ಶಾಲೆಗೆ ಹೋಗಲೆಂದು ಚಿಂತಿಸುತ್ತಿರುವಾಗ, ಹಿಮಾಲಯಕ್ಕೆ ಬರುವೆಯಾ ಎಂದು ತಂದೆ ಕೇಳುತ್ತಾರೆ. ದಾರಿಯಲ್ಲಿ ಮೊದಲ ತಂಗುದಾಣ ಬೋಲಪುರ. ಅಲ್ಲಿನ ಕೊರಕಲುಗಳಲ್ಲಿ ಅಲೆದು ಬಣ್ಣಬಣ್ಣದ ಕಲ್ಲುಗಳನ್ನು ಮಗನು ಆಯ್ದು ತಂದರೆ, ತಂದೆ ನಗದೆ, ಒಂದು ದಿಬ್ಬವನ್ನು ತೋರಿಸಿ, ಅದನ್ನು ಈ ಕಲ್ಲುಗಳಿಂದ ಅಲಂಕರಿಸೆನ್ನುತ್ತಾರೆ. ಬೆಲೆಬಾಳುವ ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವನ್ನು ಹುಡುಗನಿಗೆ ಒಪ್ಪಿಸುತ್ತಾರೆ. ಅವನು ಅತ್ಯುತ್ಸಾಹದಿಂದ ತಿರುಗಿಸಿ ಅದು ರಿಪೇರಿಗಾಗಿ ಕಲ್ಕತ್ತೆಗೆ ಹೋಗಬೇಕಾಗುತ್ತದೆ. ಡಾಲ್‌ಹೌಸಿಯ ಬೆಟ್ಟದ ಮೇಲೆ ಬೆಳಗಾಗುವುದಕ್ಕೆ ಮೊದಲೇ ಸಂಸ್ಕೃತ ಪಾಠ, ರಾತ್ರಿ ನಕ್ಷತ್ರಗಳ ಪಾಠ; ಚಳಿಯಲ್ಲಿ ತಣ್ಣೀರ ಸ್ನಾನ. ಇಲ್ಲಿ ಶಿಸ್ತು ಕಡಮೆಯೆಂದು ಯಾರೂ ಹೇಳಲಾರರು. ನಾರ್ಮಲ್ ಸ್ಕೂಲಿಗಿಂತ ಹೆಚ್ಚೇ. ಆದರೆ ಹುಡುಗನು ಒಬ್ಬನೇ ಕೋಲೂರಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಅಲೆಯುವಾಗ ತಂದೆ ತಡೆಯುವುದಿಲ್ಲ. ಮಗನು ತಪ್ಪುಮಾಡಬಹುದೆಂಬ ಹೆದರಿಕೆ ಅವರಿಗಿರಲಿಲ್ಲವೆಂದು ಕವಿ ಗುರುತಿಸುತ್ತಾರೆ. ಶಿಸ್ತಿಗೂ ಭಯಕ್ಕೂ ಇರುವ ಭೇದವನ್ನು ಶಿಕ್ಷಣಶಾಸ್ತ್ರದ ಗ್ರಂಥಗಳು ಅಧ್ಯಾಯ ಅಧ್ಯಾಯವಾಗಿ ವಿವರಿಸುತ್ತವೆ. ಇಲ್ಲಿ ಕೆಟ್ಟುಹೋದ ಒಂದು ಗಡಿಯಾರ ಅದನ್ನು ಹೇಳಿಬಿಟ್ಟಿದೆ.

ಎರಡನೆಯವರು ಸೇಂಟ್ ಜೇವಿಯರ್ ಶಾಲೆಯ ಫಾದರ್ ಡಿ ಪೆನೆರಾಂಡ. ಇವರು ಸ್ಪೇನ್ ದೇಶದವರು. ಇಂಗ್ಲಿಷ್ ಉಚ್ಚಾರಣೆ ತೊಡರುತ್ತಿತ್ತು. ಆದಕಾರಣ ಹುಡುಗರಿಗೆ ಅವರಲ್ಲಿ ಗೌರವವಿರಲಿಲ್ಲ. ಅವರು ಆ ಅನಾದರವನ್ನು ತಾಳ್ಮೆಯಿಂದ ಸಹಿಸುತ್ತಿದ್ದರು. ಕೆಲವು ದಿನ ಮಾತ್ರ, ಮತ್ತೊಬ್ಬರ ಬದಲಿಗೆ, ಈ ತರಗತಿಗೆ ಬಂದವರು. ಒಂದು ದಿನ ನಕಲು ಬರೆಯುವ ಹೊತ್ತಿನಲ್ಲಿ ಬಾಲಕನ ಲೇಖನಿ ನಿಂತಿದೆ, ಮನಸ್ಸು ಎಲ್ಲಿಯೋ ಇದೆ. ಫಾದರ್ ಹಿಂದಿನಿಂದ ಬಂದು, ಬಾಗಿ, ಬೆನ್ನ ಮೇಲೆ ಕೈಯಿಟ್ಟು, ಮೈ ಸರಿಯಾಗಿಲ್ಲವೇ ಎಂದು ಮೆಲ್ಲನೆ ಕೇಳುತ್ತಾರೆ. ಅಷ್ಟೆ. ಅವರು ಪಾಠ ಹೇಳಿದ್ದಿಲ್ಲ, ಬುದ್ಧಿ ಹೇಳಿದ್ದಿಲ್ಲ. ನಾಲ್ಕು ದಶಕಗಳಾಗುತ್ತ ಬಂದರೂ ಆ ಕೈಯ ಸ್ಪರ್ಶ ಆರಿಲ್ಲ. ಮೊದಲ ಗುರುವಿನ ಏಟೂ ಕೈಯಿಂದಲೇ ಬಂದದ್ದು, ಈ ಸ್ಪರ್ಶವೂ ಕೈಯಿಂದಲೇ ಬಂದದ್ದು. ಎರಡನ್ನೂ ಕವಿ ಒಂದೆಡೆ ಇಟ್ಟು ಹೋಲಿಸಿಲ್ಲ; ಹೋಲಿಸದಿದ್ದುದೇ ಲೇಸಾಯಿತು.

ಇಷ್ಟಾಗಿಯೂ ಶಾಲೆ ಅವರನ್ನು ಹಿಡಿಯಲಿಲ್ಲ. ಹಾಗಾದರೆ ಜೀವನದ ಅರ್ಥವನ್ನು ಅವರು ಕಲಿತದ್ದೆಲ್ಲಿ? ಗ್ರಂಥ ಕೊಡುವ ಉತ್ತರಗಳಲ್ಲಿ ಒಂದು ಕನ್ನಡ ವಾಚಕರಿಗೆ ಬಹಳ ಸಮೀಪದ್ದು. 1883ರಲ್ಲಿ, ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದ ಕಾರವಾರಕ್ಕೆ ರವೀಂದ್ರರು ಬಂದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಅರ್ಧಚಂದ್ರಾಕಾರದ ಕಡಲದಂಡೆ, ಗಾಳಿಮರಗಳ ತೋಪು, ಒಂದು ಬೆಳುದಿಂಗಳ ರಾತ್ರಿ ಕಾಳೀನದಿಯಲ್ಲಿ ದೋಣಿಯ ಪಯಣ, ದಂಡೆಯ ಒಬ್ಬ ರೈತನ ಗುಡಿಸಿದ ಅಂಗಳದಲ್ಲಿ ಊಟ, ಹಿಂದಿರುಗುವಾಗ ನದೀಮುಖದಲ್ಲಿಳಿದು ಮಳಲ ಮೇಲೆ ನಡಿಗೆ: ಈ ಎರಡು ಮೂರು ಪುಟಗಳು ಗ್ರಂಥದ ಅತ್ಯಂತ ಪ್ರಶಾಂತವಾದ ಪುಟಗಳು. ಇಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು. ಸಂಸಾರದ ಬಂಧನಗಳನ್ನೆಲ್ಲ ಕಡಿದುಹಾಕಿ ಅನಂತವನ್ನು ಪಡೆಯುವೆನೆಂದು ಹೊರಟ ಸಂನ್ಯಾಸಿಯನ್ನು, ಯಾರೂ ಮುಟ್ಟದ ಒಬ್ಬ ಅನಾಥ ಬಾಲಿಕೆ ತನ್ನ ಸ್ನೇಹದಿಂದ ಮತ್ತೆ ಲೋಕಕ್ಕೆ ಎಳೆದು ತರುವ ಕಥೆಯಿದು. ತಮ್ಮ ಮುಂದಿನ ಕೃತಿಗಳಿಗೆಲ್ಲ ಇದೇ ಪೀಠಿಕೆಯೆಂದೂ, ಸೀಮೆಯಲ್ಲಿಯೇ ಅಸೀಮವನ್ನು ಕಾಣುವ ಆನಂದವೇ ತಮ್ಮ ಬರಹದ ಏಕಮಾತ್ರ ವಿಷಯವೆಂದೂ ಕವಿ ಸೂಚಿಸಿದ್ದಾರೆ. ನಾಟಕವಾಗಿ ಅದು ಎಳಸು. ಆದರೆ ದೊಡ್ಡ ಜ್ಞಾನಿಯೊಬ್ಬನು ಒಂದು ಮಗುವಿನಿಂದ ಪಾಠ ಕಲಿಯುತ್ತಾನೆಂಬುದು ಅದರ ತಿರುಳು. ಹದಿನೆಂಟು ವರ್ಷಗಳ ಮೇಲೆ ಶಾಲೆಯನ್ನು ತೆರೆದವನಿಗೆ ಆ ತಿರುಳು ಬೇಕಾಗಿತ್ತು.

‘ಜೀವನಸ್ಮೃತಿ’ಯು ‘ಕಡಿ ಓ ಕೋಮಲ’ ಎಂಬ 1886ರ ಕವಿತಾಸಂಗ್ರಹದ ಹೊತ್ತಿಗೆ ನಿಂತುಹೋಗುತ್ತದೆ. 1901ನೆಯ ಡಿಸೆಂಬರ್ 22ರಂದು ಶಾಂತಿನಿಕೇತನದಲ್ಲಿ ಐವರು ಹುಡುಗರಿಂದ ಆರಂಭವಾದ ಬ್ರಹ್ಮಚರ್ಯಾಶ್ರಮದ ಕಥೆ ಅದರಲ್ಲಿ ಬಾರದು. ಅದಕ್ಕೆ ಅವರ ಇತರ ಬರಹಗಳನ್ನೂ, 1917ರ ‘ಪರ್ಸನಾಲಿಟಿ’ ಎಂಬ ಇಂಗ್ಲಿಷ್ ಉಪನ್ಯಾಸಗ್ರಂಥದಲ್ಲಿ ಸೇರಿರುವ ತಮ್ಮ ಶಾಲೆಯನ್ನು ಕುರಿತ ಉಪನ್ಯಾಸವನ್ನೂ ನೋಡಬೇಕು. ಆ ಉಪನ್ಯಾಸದ ಪ್ರಾರಂಭದಲ್ಲಿಯೇ, ತಮ್ಮ ಶಾಲೆ ಹುಟ್ಟಿದ್ದು ಯಾವ ನೂತನ ಶಿಕ್ಷಣತತ್ತ್ವದಿಂದಲೂ ಅಲ್ಲ, ತಮ್ಮ ಶಾಲೆಯ ದಿನಗಳ ನೆನಪಿನಿಂದ ಎಂದು ಅವರು ಒಪ್ಪಿಕೊಂಡಿದ್ದಾರೆ. ಈ ಮಾತನ್ನು ಅಕ್ಷರಶಃ ನಂಬಬೇಕು. ಮರಗಳ ಕೆಳಗೆ ಪಾಠ, ಬೆತ್ತವಿಲ್ಲದ ತರಗತಿ, ಅಲೆಯಲು ಬಯಲು: ಇವೊಂದೊಂದಕ್ಕೂ ‘ಜೀವನಸ್ಮೃತಿ’ಯ ಒಂದೊಂದು ಪುಟವನ್ನು ಎತ್ತಿ ತೋರಿಸಬಹುದು.

ರವೀಂದ್ರರ ಶಿಕ್ಷಣಲೇಖನಗಳು ನೆನಪನ್ನು ಬಿಟ್ಟು ತತ್ತ್ವಕ್ಕೆ ಏರಿದಲ್ಲೆಲ್ಲ ಬಲಗುಂದುತ್ತವೆ. ಪ್ರಾಚೀನ ತಪೋವನದ ವರ್ಣನೆ ಅವರ ಕೈಯಲ್ಲಿ ಬಹು ಸುಂದರವಾಗುತ್ತದೆ. ಸುಂದರವಾದಷ್ಟೂ ನಿಜವಾದ ಹುಡುಗರು ಅದರಿಂದ ಮರೆಯಾಗುತ್ತಾರೆ. ತಪೋವನವೆಂಬ ಆದರ್ಶದೊಡನೆ ಅದರ ಭಾರವೂ ಬಂದಿತು. ಬ್ರಾಹ್ಮಣನಲ್ಲದ ಉಪಾಧ್ಯಾಯನಿಗೆ ಬ್ರಾಹ್ಮಣ ವಿದ್ಯಾರ್ಥಿಗಳು ಕಾಲು ಮುಟ್ಟಿ ನಮಸ್ಕರಿಸಬಹುದೇ ಎಂಬ ಪ್ರಶ್ನೆ 1902ರಲ್ಲಿ ಎದ್ದಾಗ ಕವಿ ಅಂದಿನ ಆಚಾರಕ್ಕೆ ತಲೆಬಾಗಿದರು. ಕಾರವಾರದಲ್ಲಿ ಆ ಬಾಲಿಕೆಯನ್ನು ಸೃಷ್ಟಿಸಿದ ಕವಿ ಈ ಗುರುವಿಗಿಂತ ಮುಂದಿದ್ದನು! ಅನಂತರದ ವರ್ಷಗಳಲ್ಲಿ ಅವರು ಆ ಆಚಾರವನ್ನು ದಾಟಿದರೆಂಬುದನ್ನೂ ಮರೆಯಲಾಗದು. ಪರೀಕ್ಷೆಯನ್ನು ಅಷ್ಟು ಹಳಿದವರ ಶಾಲೆಯ ಹುಡುಗರೂ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರವೇಶಪರೀಕ್ಷೆಗೆ ಕುಳಿತರು. ಪೋಷಕರು ಅದನ್ನು ಬಿಡಲೊಪ್ಪಲಿಲ್ಲ. ನಾರ್ಮಲ್ ಸ್ಕೂಲಿನ ಇತರ ಹುಡುಗರ ಪ್ರಶ್ನೆ ಮತ್ತೆ ಬಂದದ್ದು ಇಲ್ಲಿಯೇ. ಉಳ್ಳವರ ಮಕ್ಕಳಿಗೆ ಮರದ ನೆರಳು ಕಾವ್ಯವಾದೀತು. ಸುತ್ತಣ ಹಳ್ಳಿಗಳ ಮಕ್ಕಳಿಗೆ? 1924ರಲ್ಲಿ ಬಡ ಹಳ್ಳಿಯ ಹುಡುಗರಿಗಾಗಿ ‘ಶಿಕ್ಷಾಸತ್ರ’ವನ್ನು ತೆರೆದು, ಕೈಕೆಲಸ ತೋಟಗೆಲಸಗಳ ಮೂಲಕ ವಿದ್ಯೆ ಕೊಡುವ ಪ್ರಯೋಗಕ್ಕೆ ಅವರು ತೊಡಗಿದರು. ಉತ್ತರ ತಡವಾಗಿ ಬಂದಿತು, ಚಿಕ್ಕದಾಗಿಯೂ ಬಂದಿತು. ಆದರೆ ಪ್ರಶ್ನೆ ತಮಗೆ ಸೇರಿದ್ದಲ್ಲವೆಂದು ಅವರು ಹೇಳಲಿಲ್ಲ.

ಈ ಶಾಲೆಗಾಗಿ ಅವರು ತೆತ್ತದ್ದೇನೆಂಬುದನ್ನು ಅವರ ಬರಹಗಳಿಂದ ಮಾತ್ರ ತಿಳಿಯಲಾಗದು, ಅಲ್ಲಿ ಗೋಳಾಟವಿಲ್ಲ. ಪತ್ನಿ ಮೃಣಾಲಿನಿದೇವಿ ತಮ್ಮ ಒಡವೆಗಳನ್ನು ಶಾಲೆಗಾಗಿ ಕೊಟ್ಟರು, 1902ರಲ್ಲಿ ತೀರಿಕೊಂಡರು. 1903ರಲ್ಲಿ ಮಗಳು ರೇಣುಕಾ. 1904ರಲ್ಲಿ ಸಿಡುಬಿನಿಂದ ಸತೀಶಚಂದ್ರ ರಾಯ್, ಹುಡುಗರು ಪ್ರಾಣದಂತೆ ಪ್ರೀತಿಸಿದ ತರುಣ ಉಪಾಧ್ಯಾಯ, ತಾನೂ ಕವಿ. 1905ರಲ್ಲಿ ತಂದೆ. 1907ರಲ್ಲಿ ಕಿರಿಯ ಮಗ ಶಮೀಂದ್ರ, ಬಾಲಕ. ತರಗತಿಗಳು ನಡೆದವು. ‘ಜೀವನಸ್ಮೃತಿ’ಯ ಆ ತಿಳಿಹಾಸ್ಯ ಇವುಗಳೆಲ್ಲ ಆದ ಮೇಲೆ ಬರೆದದ್ದು. ನೋವು ಕಾಣದವನ ನಗೆಯೆಂದು ಅದನ್ನು ಓದಿದವರು ಗ್ರಂಥದ ದಿನಾಂಕವನ್ನು ನೋಡಿಲ್ಲ.

1918ರ ‘ತೋತಾಕಾಹಿನಿ’ಯನ್ನು ಇದರ ಪಕ್ಕದಲ್ಲಿಟ್ಟರೆ ಭೇದ ತಿಳಿಯುತ್ತದೆ. ಅರಸನ ಅಪ್ಪಣೆಯಂತೆ ಗಿಳಿಗೆ ವಿದ್ಯೆ ಕಲಿಸಹೊರಟು, ಚಿನ್ನದ ಪಂಜರ ಮಾಡಿಸಿ, ಪುಸ್ತಕದ ಹಾಳೆಗಳನ್ನು ಅದರ ಗಂಟಲಿಗೆ ತುರುಕಿ, ಕೊನೆಗೆ ಗಿಳಿ ಸತ್ತುಹೋಗುವ ಆ ಕಥೆ ಹರಿತವಾದದ್ದು, ಎಲ್ಲರೂ ಬಲ್ಲದ್ದು. ಆದರೆ ಅಲ್ಲಿ ದೋಷವೆಲ್ಲ ಪಂಡಿತರದು, ಅಧಿಕಾರಿಗಳದು. ಓದುವ ಉಪಾಧ್ಯಾಯನು ನಕ್ಕು ಪುಸ್ತಕ ಮುಚ್ಚಬಹುದು. ಕಟಕಟೆಯ ಕಂಬಿಗಳ ಮುಂದೆ ಬೆತ್ತ ಹಿಡಿದ ಬಾಲಕನನ್ನು ಕಂಡ ಮೇಲೆ ಹಾಗೆ ಮುಚ್ಚಲಾಗದು.

1940ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಆಶ್ರಮದ ಉಪಾಧ್ಯಾಯರೊಬ್ಬರು ಮಕ್ಕಳಿಗಾಗಿ ಏನಾದರೂ ಬರೆದುಕೊಡಿರೆಂದು ಕೇಳಿದ್ದಕ್ಕೆ ಅದೇ ಬಾಲ್ಯವನ್ನು ರವೀಂದ್ರರು ‘ಛೇಲೇಬೇಲಾ’ ಎಂಬ ಪುಟ್ಟ ಪುಸ್ತಕದಲ್ಲಿ ಮತ್ತೊಮ್ಮೆ ಹೇಳಿದರು. ಮಾತು ಇನ್ನೂ ಹಗುರವಾಗಿದೆ, ಶಾಲೆಯ ಮೇಲಿನ ಮುನಿಸು ಬಹುಮಟ್ಟಿಗೆ ಇಳಿದಿದೆ. ಅದಕ್ಕೂ ಹತ್ತು ವರ್ಷ ಮೊದಲು, 1930ರಲ್ಲಿ, ಎಪ್ಪತ್ತರ ಹತ್ತಿರಕ್ಕೆ ಬಂದ ಕವಿ ‘ಸಹಜಪಾಠ’ವೆಂಬ ಬಾಲಬೋಧೆಯನ್ನು ಬರೆದಿದ್ದರು, ಚಿತ್ರಗಳನ್ನು ಬರೆದವರು ನಂದಲಾಲ ಬಸು. ‘ಜೀವನಸ್ಮೃತಿ’ಯ ಮೊದಲ ಪುಟಗಳಲ್ಲಿ, ವಿದ್ಯಾಸಾಗರರ ಬಾಲಬೋಧೆಯಲ್ಲಿದ್ದ, ಮಳೆಯನ್ನೂ ಎಲೆಯನ್ನೂ ಕುರಿತ ಒಂದು ಪುಟ್ಟ ಪ್ರಾಸದ ಸಾಲನ್ನು ಕವಿ ನೆನೆದಿದ್ದಾರೆ. ಕಾಗುಣಿತದ ಒಣ ಬಯಲನ್ನು ದಾಟಿ ಬಂದ ಬಾಲಕನಿಗೆ ಆ ಸಾಲು ಸಿಕ್ಕ ದಿನ, ಪಾಠ ಮುಗಿದರೂ ಅದರ ಸದ್ದು ಮುಗಿಯಲಿಲ್ಲವಂತೆ. ದಿನವೆಲ್ಲ ಅವನ ಮನಸ್ಸಿನಲ್ಲಿ ಮಳೆ ಸುರಿಯುತ್ತಲೇ ಇತ್ತಂತೆ. ‘ಸಹಜಪಾಠ’ದಲ್ಲಿ ಅಕ್ಷರಗಳು ಒಂದೊಂದಾಗಿ ಬರುವುದು ಅಂಥ ಪುಟ್ಟ ಪ್ರಾಸದ ಸಾಲುಗಳಲ್ಲಿಯೇ.